ಸದ್ದಿಲ್ಲದ ಗಾಡಿಗೆ ಪಾಸ್ತಾ ಬೇಯದು

ಅಸ್ಸುಂತಾ: ಇಲ್ಲ, ಹಾಕಲ್ಲ. ನೀನು ಬಂದಿದ್ದು ನನಗೆ ಕೇಳಿಸಿಲ್ಲ. ಕೇಳಿಸೋವರೆಗೂ ನೀನು ಬಂದಿಲ್ಲ.

ಸಬಾತೀನೊ: ಅಮ್ಮ, ನಿನ್ನ ಎದುರಿಗೇ ನಿಂತಿದ್ದೀನಿ. ಬೇಕಾದ್ರೆ ಮುಟ್ಟಿ ನೋಡು.

ಅಸ್ಸುಂತಾ: ಮುಟ್ಟಿ ನೋಡಿ ಪಾಸ್ತಾ ಹಾಕೋ ಪದ್ಧತಿ ಈ ಮನೇಲಿಲ್ಲ. ಕೇಳಿಸಿಕೊಂಡು ಹಾಕೋ ಪದ್ಧತಿ.

ಎರ್ಸಿಲಿಯಾ: ಇಬ್ರೂ ಸ್ವಲ್ಪ ಮೆಲ್ಲಗೆ ಜಗಳ ಆಡಿ. ಈಗಷ್ಟೇ ಮಲಗಿದ್ದಾಳೆ.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕೊತಕೊತ ಕುದಿಯುತ್ತಿತ್ತು. ಅಸ್ಸುಂತಾ ಒಂದು ಹಿಡಿ ಸ್ಪಗೆಟ್ಟಿಯನ್ನು ಕಡ್ಡಿಪೊರಕೆಯ ಹಾಗೆ ಎತ್ತಿ ಹಿಡಿದು ಒಲೆಗೆ ಕಾವಲು ನಿಂತಿದ್ದಳು. ಮಗ ಸಬಾತೀನೊ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಖಾಲಿ ತಟ್ಟೆಯನ್ನೂ ಗೋಡೆಯ ಗಡಿಯಾರವನ್ನೂ ಸರದಿಯಲ್ಲಿ ನೋಡುತ್ತಿದ್ದ. ಸೊಸೆ ಎರ್ಸಿಲಿಯಾ ಮಲಗುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬಾಗಿಲ ಆಚೆ ಎಂಟು ತಿಂಗಳ ಕೂಸು. ಹೆಸರು ಇಟ್ಟಿದ್ದು ಅಜ್ಜಿಯದೇ, ಅಸ್ಸುಂತಾ. ಗಂಟಲೂ ಅಜ್ಜಿಯದೇ ಬಂದಿದೆ. ಅದಕ್ಕೇ ಅದು ಮಲಗಿರುವ ಹೊತ್ತಿಗೆ ಮನೆಯಲ್ಲಿ ಇಷ್ಟು ಬೆಲೆ.

ಪ್ರೊಚಿದಾ ದ್ವೀಪದ ಈ ಓಣಿಯಲ್ಲಿ ಮಧ್ಯಾಹ್ನದ ಪಾಸ್ತಾ ಗಡಿಯಾರ ನೋಡಿ ಬೇಯುವುದಿಲ್ಲ. ಬಂದರಿನಿಂದ ಹೊರಟ ಗಂಡನ ಗಾಡಿ ಗುಡ್ಡ ಹತ್ತಿ ಚರ್ಚಿನ ತಿರುವಿಗೆ ಬಂದದ್ದು ಕಿವಿಗೆ ಬೀಳಬೇಕು, ಆಗ ಹೆಂಡತಿ ಸ್ಪಗೆಟ್ಟಿಯನ್ನು ಕುದಿಯುವ ನೀರಿಗೆ ಬಿಡಬೇಕು. ಅವನು ಗಾಡಿ ನಿಲ್ಲಿಸಿ, ಎದುರು ಸಿಕ್ಕವರ ಹತ್ತಿರ ನಾಲ್ಕು ಮಾತಾಡಿ, ಕೈ ತೊಳೆದು ಕೂರುವಷ್ಟರಲ್ಲಿ ಅದು ಹದಕ್ಕೆ ಬಂದಿರುತ್ತದೆ. ಮುಂಚೆ ಹಾಕಿದರೆ ಅಂಟು, ತಡವಾಗಿ ಹಾಕಿದರೆ ಅವನಿಗೆ ಉಪವಾಸ. ಸಬಾತೀನೊ ಬಂದರಿನಲ್ಲಿ ಹಡಗಿನ ಹಗ್ಗ ಕಟ್ಟುವವನು. ಒಂದು ಹಡಗು ಬಿಟ್ಟು ಇನ್ನೊಂದು ಬರುವ ನಡುವೆ ಎಷ್ಟು ಹೊತ್ತಿದೆಯೋ ಅಷ್ಟೇ ಅವನ ಊಟದ ಹೊತ್ತು. ಹಡಗು ಪಾಸ್ತಾಗಾಗಿ ಕಾಯುವುದಿಲ್ಲ.

ಅವನ ಅಪ್ಪ ಬದುಕಿದ್ದಷ್ಟು ಕಾಲವೂ ಹೀಗೇ ನಡೆಯಿತು, ಅಪ್ಪ ತೀರಿಕೊಂಡ ಮೇಲೆ ಅದೇ ಗಾಡಿಯಲ್ಲಿ ಮಗನಿಗೂ ಹೀಗೇ ನಡೆಯಿತು. ಹೋದ ವಾರ ಮನೆಗೆ ವಿದ್ಯುತ್ ಬೈಕು ಬಂತು. ಅದು ಬಂದರಿನಿಂದ ಹೊರಟು ಬಾಗಿಲ ಮುಂದೆ ನಿಂತರೂ ಬೆಕ್ಕು ಕಣ್ಣು ತೆರೆಯುವುದಿಲ್ಲ. ಹಳೆಯ ಪೆಟ್ರೋಲ್ ಬೈಕು ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದೆ. ಇವತ್ತು ಮಧ್ಯಾಹ್ನದ ಮೇಲಿನ ಹಡಗಿನಲ್ಲಿ ಅದು ಆಚೆ ದಡಕ್ಕೆ ಹೋಗಬೇಕು, ಕೊಂಡವನು ಬರುತ್ತಾನೆ. ಅದನ್ನು ಹೋಗಲು ಬಿಡುವುದಿಲ್ಲ ಎಂಬುದು ಅಸ್ಸುಂತಾಳ ಹಟ. ಹೋಗಲೇಬೇಕು ಎಂಬುದು ಎರ್ಸಿಲಿಯಾಳಿಗೆ ಪ್ರಾಣದ ಪ್ರಶ್ನೆ. ಆ ಗಾಡಿ ಇದ್ದಷ್ಟು ದಿನ ಅದು ದಿನಾ ಮಧ್ಯಾಹ್ನ ಚರ್ಚಿನ ತಿರುವಿನಲ್ಲಿ ಗುಡುಗುತ್ತಿತ್ತು, ಪುಟ್ಟಿ ಕಿರುಚಿ ಏಳುತ್ತಿದ್ದಳು. ಈಗ ಏಳುವುದಿಲ್ಲ. ಊಟ ಮುಗಿದ ಮೇಲೆ ಒಂದು ಗಂಟೆ ಎರ್ಸಿಲಿಯಾಳದು. ತಲೆಗೆ ನೀರು ಹಾಕಿಕೊಳ್ಳಬಹುದು, ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯಬಹುದು, ಏನೂ ಇಲ್ಲದಿದ್ದರೆ ಸುಮ್ಮನೆ ಕೂತು ಗೋಡೆ ನೋಡಬಹುದು. ಕೂಸು ಹುಟ್ಟಿದ ಮೇಲೆ ಅವಳು ಗೋಡೆ ನೋಡಿದ್ದು ಈ ವಾರವೇ ಮೊದಲು.

ಸಬಾತೀನೊ: ಅಮ್ಮ, ಹಡಗು ಬರುತ್ತೆ. ಹಾಕಮ್ಮ.

ಅಸ್ಸುಂತಾ: ಯಾರಿಗೆ ಹಾಕ್ಲಿ? ಮನೇಲಿ ಯಾರೂ ಇಲ್ಲ. ಗಾಳಿ ಬಂದು ಬಾಗಿಲು ತೆಗೀತು ಅಷ್ಟೇ. ನಮ್ಮನೇಲಿ ಈಗ ಗಂಡಸರು ದೆವ್ವ ಬಂದ ಹಾಗೆ ಬರ್ತಾರೆ. ದೆವ್ವಕ್ಕೆ ಹಸಿವಿರಲ್ಲ.

ಎರ್ಸಿಲಿಯಾ: ಅತ್ತೆ, ಹೊರಡುವಾಗ ಒಂದು ಫೋನ್ ಮಾಡಿದ್ರೆ ಮುಗೀತಲ್ಲ.

ಅಸ್ಸುಂತಾ: ನನ್ನ ಗಂಡ ಜೀವಮಾನದಲ್ಲೇ ಫೋನ್ ಮಾಡಿ ಊಟಕ್ಕೆ ಬಂದವರಲ್ಲ. ಫೋನ್ ಮಾಡಿ ಬರೋರು ಡಾಕ್ಟರು, ಇನ್ಶೂರೆನ್ಸಿನವರು. ಅದೂ ಮೊನ್ನೆ ಮಾಡಿದ್ನಲ್ಲ ನಿನ್ನ ಗಂಡ. ಏನಾಯ್ತು ಹೇಳು.

ಸಬಾತೀನೊ: ಹೊರಟಿದ್ದೆ ಅಮ್ಮ. ಬಂದರಿನ ಕ್ಯಾಪ್ಟನ್ನು ವಾಪಸ್ ಕರೆದ್ರು.

ಅಸ್ಸುಂತಾ: ಕ್ಯಾಪ್ಟನ್ನು ನಿನ್ನ ಕರೆದ. ಪಾಸ್ತಾನ ಯಾರು ವಾಪಸ್ ಕರೀತಾರೆ? ನೀನು ಬರೋ ಹೊತ್ತಿಗೆ ಅದು ಚುನಾವಣೆ ಪೋಸ್ಟರ್ ಅಂಟಿಸೋಕೆ ಲಾಯಕ್ಕಾಗಿತ್ತು. ಹಳೇ ಗಾಡಿ ಆಗಿದ್ರೆ ತಿರುವಿಗೆ ಬಂದ ಮೇಲೆ ತಾನೆ ಕೂಗ್ತಿತ್ತು? ಅದು ಸುಳ್ಳು ಹೇಳಿದ್ದೇ ಇಲ್ಲ. ಹೊರಟಿದ್ದೀನಿ ಅಂತ ಫೋನ್ ಮಾಡಿ ಕೂತಲ್ಲೇ ಕೂರೋದು ಮನುಷ್ಯರು.

ಎರ್ಸಿಲಿಯಾ: ಹಾರನ್ನಾದ್ರೂ ಮಾಡಬಹುದಲ್ಲ ತಿರುವಿನಲ್ಲಿ, ಮೆಲ್ಲಗೆ.

ಸಬಾತೀನೊ: ಅದನ್ನ ಮಾತ್ರ ನೆನಪಿಸಬೇಡ.

ನೆನಪಿಸುವ ಕೆಲಸವನ್ನು ಎದುರು ಮನೆಯ ಬಾಲ್ಕನಿ ವಹಿಸಿಕೊಂಡಿತು. ಓಣಿ ಎಷ್ಟು ಕಿರಿದೆಂದರೆ ಇವರ ಅಡುಗೆಮನೆಯ ಕಿಟಕಿಗೂ ರಕೇಲಮ್ಮನ ಬಾಲ್ಕನಿಗೂ ನಡುವೆ ಒಗೆದ ಬಟ್ಟೆಯ ಒಂದು ಸಾಲು ಹಿಡಿಸುತ್ತದೆ, ಗುಟ್ಟು ಹಿಡಿಸುವುದಿಲ್ಲ. ರಕೇಲಮ್ಮ ಒಂದು ದಿಂಬಿನ ಚೀಲವನ್ನು ಪಕ್ಕಕ್ಕೆ ಸರಿಸಿ ತಲೆ ಹಾಕಿದಳು.

ರಕೇಲಮ್ಮ: ನಿನ್ನೆ ಹಾರನ್ ಮಾಡಿದ್ದು ನೀನೇನಾ ಸಬಾತೀನೊ? ನಾನು ಮೀನಿನವನು ಬಂದ ಅಂತ ಹಗ್ಗದಲ್ಲಿ ಬುಟ್ಟಿ ಇಳಿಸಿದೆ.

ಸಬಾತೀನೊ: ಗೊತ್ತು ರಕೇಲಮ್ಮ. ನನ್ನ ತಲೆ ಮೇಲೇ ಇಳಿಸಿದ್ರಿ.

ರಕೇಲಮ್ಮ: ನಾನೊಬ್ಬಳೇನಾ? ಓಣಿಗೆ ಓಣೀನೇ ಬುಟ್ಟಿ ಇಳಿಸ್ತು. ನಾನು ಸೀಗಡಿ ಇದ್ರೆ ಹಾಕಪ್ಪ ಅಂತ ಮೇಲಿಂದ ಕೂಗ್ತಿದ್ದೀನಿ, ನೀನು ತಲೆ ಎತ್ತದೆ ಹೊರಟೇ ಹೋದೆ. ಎಂಥ ಸೊಕ್ಕಿನ ಮೀನಿನವನು ಅನ್ಕೊಂಡೆ.

ಅಸ್ಸುಂತಾ: ಕೇಳಿಸ್ಕೋ. ನಿನ್ನ ಅಪ್ಪ ಬಂದ್ರೆ ಓಣಿ ದಾರಿ ಬಿಡ್ತಿತ್ತು. ನೀನು ಬಂದ್ರೆ ಸೀಗಡಿ ಕೇಳುತ್ತೆ.

ರಕೇಲಮ್ಮ: ನನಗೂ ತೊಂದರೆ ಆಗಿದೆ ಅಸ್ಸುಂತಾ. ನಿಮ್ಮನೆ ಗಾಡಿ ಸದ್ದು ಕೇಳಿಯೇ ನಾನೂ ಪಾಸ್ತಾ ಹಾಕ್ತಿದ್ದೆ. ನಮ್ಮೆಜಮಾನ್ರು ಅದರ ಹಿಂದೇನೇ ಬರ್ತಿದ್ರು. ಈ ವಾರ ಪೂರ್ತಿ ಅವರು ನನ್ನ ಅಡುಗೆ ಮುಟ್ಟಿಲ್ಲ. ಹದ ತಪ್ಪಿದೆ ಅಂತಾರೆ. ಪಾಪ, ಹಸಿದ್ಕೊಂಡೇ ಮಲಗ್ತಾರೆ.

ಹೀಗೆ ಹೇಳಿ ದಿಂಬಿನ ಚೀಲವನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡಳು. ಆದರೆ ಅದರ ಕೆಳಗೆ ಅವಳ ಚಪ್ಪಲಿ ಕಾಣುತ್ತಲೇ ಇತ್ತು.

ಅಸ್ಸುಂತಾ: ಕಂಡವರ ಮನೆ ಒಲೇನೂ ಕೆಡಿಸಿದ್ದಾಯ್ತು ನಿನ್ನ ಇಸ್ತ್ರಿಪೆಟ್ಟಿಗೆ.

ಸಬಾತೀನೊ: ಅದು ಬೈಕಮ್ಮ.

ಅಸ್ಸುಂತಾ: ರಾತ್ರಿಯೆಲ್ಲಾ ನನ್ನ ಅಡುಗೆಮನೆ ಪ್ಲಗ್ಗಿಗೆ ಬಾಲ ಸಿಕ್ಕಿಸ್ಕೊಂಡು ಬಿಸಿ ಆಗುತ್ತೆ, ಬೆಳಿಗ್ಗೆ ಓಡುತ್ತೆ. ಇದನ್ನ ನಾನು ಇಸ್ತ್ರಿಪೆಟ್ಟಿಗೆ ಅನ್ನದೆ ಏನನ್ಲಿ? ಅದಕ್ಕೆ ಕರೆಂಟು ಕೊಟ್ರೆ ನನ್ನ ಓವನ್ನಿಗಿಲ್ಲ. ಎರಡಕ್ಕೂ ಕೊಟ್ರೆ ಫ್ಯೂಸ್ ಹೋಗಿ ಮನೆಗೇ ಇಲ್ಲ. ಭಾನುವಾರದ ಮೊಲದ ಮಾಂಸ ಅರ್ಧಂಬರ್ಧ ಬೆಂದಿದ್ದು ಯಾರಿಂದ?

ಎರ್ಸಿಲಿಯಾ: ಅತ್ತೆ, ಈ ದ್ವೀಪಕ್ಕೆ ಪೆಟ್ರೋಲೂ ಹಡಗು ಹತ್ತೇ ಬರಬೇಕು. ಇದಾದ್ರೆ ಮನೇಲೇ ಕುಡಿಯುತ್ತೆ. ಬಂದರಿಗೆ ಹೋಗಿ ಬರೋಕೆ ಇನ್ನೆಷ್ಟು ಬೇಕು? ಇರೋ ಊರೇ ಅಂಗೈಯಗಲ.

ಅಸ್ಸುಂತಾ: ಅಂಗೈಯಗಲದ ಊರಿಗೆ ಕಿವಿ ಸಾಕಾಗಿತ್ತು ತಾಯಿ. ನೀವು ದುಡ್ಡು ಕೊಟ್ಟು ತೊಂದರೆ ಕೊಂಡ್ಕೊಂಡ್ರಿ.

ಸಬಾತೀನೊ: ಅಮ್ಮ, ಆ ಗಾಡಿಗೆ ವಯಸ್ಸಾಗಿದೆ. ಕೊಂಡವನು ಅದನ್ನ ಓಡಿಸೋದೂ ಇಲ್ಲ, ಚೆನ್ನಾಗೇ ಇಟ್ಕೋತಾನೆ. ತನ್ನ ಹೋಟೆಲಿನ ಗೋಡೆಗೆ ನೇತುಹಾಕ್ತಾನಂತೆ, ಚೆಂದಕ್ಕೆ.

ಅಸ್ಸುಂತಾ: ಹೌದಾ. ಹಾಗಾದ್ರೆ ನಿಮ್ಮಪ್ಪನ ಫೋಟೋನೂ ಕೊಟ್ಟುಬಿಡು, ಪಕ್ಕದಲ್ಲಿ ನೇತುಹಾಕ್ಲಿ. ನನ್ನನ್ನೂ ಕಟ್ಟಿ ಕಳಿಸು. ಇನ್ನೊಂದು ಮೊಳೆ ಹೊಡೆದ್ರಾಯ್ತು.

ಹೀಗೆ ಹೇಳಿ ಅಸ್ಸುಂತಾ ಚರ್ಚಿನ ತಿರುವು ಇರುವ ದಿಕ್ಕಿಗೆ ಮುಖ ತಿರುಗಿಸಿದಳು. ದಿನಾ ಮಧ್ಯಾಹ್ನ ಆ ತಿರುವಿನಲ್ಲಿ ಗುಡುಗುತ್ತಿದ್ದದ್ದು ಅತ್ತೆಯ ಕಿವಿಗೆ ಬರೀ ಮಗನ ಗಾಡಿಯಾಗಿತ್ತೋ, ಅಥವಾ ಅದಕ್ಕೂ ಹಿಂದೆ ಅದರ ಮೇಲೆ ಬರುತ್ತಿದ್ದವರೂ ಒಂದು ಗಳಿಗೆ ಬಂದು ಹೋಗುತ್ತಿದ್ದರೋ ಎಂದು ಎರ್ಸಿಲಿಯಾಗೆ ಮೊದಲ ಸಲ ಅನ್ನಿಸಿತು. ಹಾಗನ್ನಿಸಿದ ಮೇಲೂ ಬಾಗಿಲಿಗೆ ಕೊಟ್ಟ ಬೆನ್ನನ್ನು ಮಾತ್ರ ಅವಳು ತೆಗೆಯಲಿಲ್ಲ. ಕನಿಕರ ಬೇರೆ, ಕೂಸಿನ ನಿದ್ದೆ ಬೇರೆ.

ಸಬಾತೀನೊ: ಸದ್ದು ತಾನೆ ಬೇಕು ನಿನಗೆ? ಆಯ್ತು. ಆ ಗಾಡಿ ಸದ್ದನ್ನ ಈ ಫೋನಿಗೆ ತುಂಬ್ಕೋತೀನಿ. ನಾಳೆಯಿಂದ ತಿರುವಿನಲ್ಲಿ ಫೋನ್ ಹಿಡಿದು ಹಾಕ್ತೀನಿ. ನಿನಗೆ ಅಪ್ಪನ ಗಾಡಿ ಕೇಳುತ್ತೆ, ನಾನು ಇದರ ಮೇಲೆ ಬರ್ತೀನಿ.

ಎರ್ಸಿಲಿಯಾ: ಸಬಾತೀನೊ, ಬೇಡ.

ಸಬಾತೀನೊ: ಬುದ್ಧಿ ಉಪಯೋಗಿಸಿದ್ರೆ ಎಲ್ಲದಕ್ಕೂ ದಾರಿ ಇದೆ.

ಎರ್ಸಿಲಿಯಾ: ಅದಕ್ಕೇ ಹೇಳ್ತಿರೋದು, ನೀನು ಉಪಯೋಗಿಸಬೇಡ. ಅಂಗಳದ ಪಕ್ಕದಲ್ಲೇ ಕಿಟಕಿ ಇದೆ, ಕಿಟಕಿ ಪಕ್ಕದಲ್ಲೇ ತೊಟ್ಟಿಲಿದೆ.

ಅವಳು ಹೇಳಿ ಮುಗಿಸುವಷ್ಟರಲ್ಲಿ ಅವನು ಅಂಗಳದಲ್ಲಿದ್ದ. ಟಾರ್ಪಾಲು ಸರಿದ ಸದ್ದು ಬಂತು. ಕಿಕ್ಕರ್ ತುಳಿದ ಸದ್ದು ಒಂದು ಬಂತು, ಎರಡು ಬಂತು. ಆಮೇಲೆ ಬಂದದ್ದನ್ನು ಸದ್ದು ಅನ್ನುವಂತಿರಲಿಲ್ಲ. ಕಪಾಟಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿದವು. ಅಸ್ಸುಂತಾಳ ಕೈ, ಅಸ್ಸುಂತಾಳನ್ನು ಕೇಳದೆ, ತಾನಾಗಿಯೇ ಸ್ಪಗೆಟ್ಟಿಯನ್ನು ನೀರಿಗೆ ಬಿಟ್ಟಿತು. ಬಾಗಿಲ ಆಚೆ ಸಣ್ಣ ಅಸ್ಸುಂತಾ ಅಜ್ಜಿಯ ಗಂಟಲನ್ನು ಪೂರ್ತಿಯಾಗಿ ತೆರೆದಳು.

ರಕೇಲಮ್ಮ (ಬಟ್ಟೆಗಳ ಹಿಂದಿನಿಂದ): ಗಾಡಿ ಸದ್ದು ಕೇಳಿ ಕೈ ನಿಲ್ಲಲಿಲ್ಲ. ನಾನು ಪಾಸ್ತಾ ಹಾಕ್ಬಿಟ್ಟೆ. ನಮ್ಮೆಜಮಾನ್ರು ಇನ್ನೂ ಕ್ಷೌರದಂಗಡೀಲಿದ್ದಾರಲ್ಲ.

ಎರ್ಸಿಲಿಯಾ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಮುಖ ಟೊಮೆಟೊ, ಅವಳ ಮುಖ ಮಂಜುಗಡ್ಡೆ.

ಎರ್ಸಿಲಿಯಾ: ತಗೊಳ್ಳಿ ಅತ್ತೆ, ಸುಳ್ಳು ಹೇಳದ ಗಾಡಿ ಎಬ್ಬಿಸಿದ ಕೂಸು. ಇನ್ನು ಅದೇ ಗಾಡಿ ಇವಳನ್ನ ಮಲಗಿಸಲಿ. ನಾನು ತಲೆಗೆ ನೀರು ಹಾಕ್ಕೊಂಡು, ಕಾಫಿ ಕುಡಿದು, ಗೋಡೆ ನೋಡಿ ಬರ್ತೀನಿ.

ಅಸ್ಸುಂತಾ: ಗೋಡೆ ಎಲ್ಲಿಗೂ ಹೋಗಲ್ಲ, ಸಂಜೆ ನೋಡು. ಅಯ್ಯೋ ನನ್ನ ಚಿನ್ನ, ನಿಮ್ಮಜ್ಜನ ಗಾಡಿ ಕಣೇ ಅದು. ಅದಕ್ಕೆ ಯಾರಾದ್ರೂ ಅಳ್ತಾರಾ?

ಎರ್ಸಿಲಿಯಾ: ನೀವು ಅಳ್ತಿಲ್ವಾ, ಈ ವಾರ ಪೂರ್ತಿ?

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಹಡಗಿನ ಕೂಗು ಕೇಳಿತು. ಅಂಗಳದಿಂದ ಸಬಾತೀನೊ ಕಿಟಕಿಗೆ ತಲೆ ಹಾಕಿದ. ಗಾಡಿ ಅವನ ಕೆಳಗೆ ಇನ್ನೂ ಗುಡುಗುತ್ತಲೇ ಇತ್ತು.

ಸಬಾತೀನೊ: ಹಡಗು ಬಂತು. ಹೇಗೂ ಸ್ಟಾರ್ಟ್ ಆಗಿದೆ, ಇದರಲ್ಲೇ ಹೋಗ್ತೀನಿ. ಆಚೆಯವನಿಗೆ ಅಲ್ಲೇ ಒಪ್ಪಿಸಿಬಿಡ್ತೀನಿ. ಇನ್ನೊಂದು ಸಲ ಇದನ್ನ ಸ್ಟಾರ್ಟ್ ಮಾಡೋ ಶಕ್ತಿ ನನ್ನ ಕಾಲಿಗಿಲ್ಲ.

ಅಸ್ಸುಂತಾ: ಊಟ?

ಸಬಾತೀನೊ: ದೆವ್ವಕ್ಕೆ ಹಸಿವಿರಲ್ಲವಂತೆ. ನೀನೇ ಹೇಳಿದ್ದು.

ಗುಡುಗು ಓಣಿ ಇಳಿದು, ತಿರುವು ದಾಟಿ, ಬಂದರಿನ ಕಡೆಗೆ ಸಣ್ಣದಾಗುತ್ತ ಹೋಯಿತು. ಅಸ್ಸುಂತಾ ಅದು ಪೂರ್ತಿ ಅಡಗುವವರೆಗೂ ಕೇಳಿಸಿಕೊಂಡಳು. ಆಮೇಲೆ ಕೂಸನ್ನು ಸೊಸೆಯ ಕೈಗೆ ಕೊಟ್ಟಳು. ಪಾತ್ರೆಯಿಂದ ಒಂದು ಎಳೆ ತೆಗೆದು ಕಚ್ಚಿ ನೋಡಿದಳು, ನೀರು ಬಸಿದಳು, ಸಾಸು ಕಲಸಿದಳು, ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಅಡುಗೆಬಟ್ಟೆಯಲ್ಲಿ ಗಂಟು ಕಟ್ಟಿದಳು. ಅವಳ ಮಗ ಹಸಿದು ಹಗ್ಗ ಎಳೆಯುವುದನ್ನು ಊರು ನೋಡುವಂತಿಲ್ಲ.

ಅಸ್ಸುಂತಾ: ಕೀ ಕೊಡು.

ಎರ್ಸಿಲಿಯಾ: ಯಾವ ಕೀ?

ಅಸ್ಸುಂತಾ: ಇಸ್ತ್ರಿಪೆಟ್ಟಿಗೇದು.

ಎರ್ಸಿಲಿಯಾ: ಅತ್ತೆ, ನೀವು ಅದನ್ನ ಓಡಿಸ್ತೀರಾ?

ಅಸ್ಸುಂತಾ: ನಿಂಬೆಹಣ್ಣು ತುಂಬಿದ ಮೂರು ಚಕ್ರದ ಗಾಡೀನ ಈ ಓಣಿಗಳಲ್ಲಿ ನಾನು ಓಡಿಸ್ತಿದ್ದಾಗ ನಿನ್ನ ಗಂಡ ಅದರ ಹಿಂದೆ ನಿಂಬೆಹಣ್ಣಿನ ಮೇಲೆ ಮಲಗಿರ್ತಿದ್ದ. ಅವನಿಗೆ ಬರೋದು ನನಗೆ ಬರಲ್ವಾ? ಗೇರು ಎಲ್ಲಿದೆ ಇದಕ್ಕೆ?

ಎರ್ಸಿಲಿಯಾ: ಇಲ್ಲ.

ಅಸ್ಸುಂತಾ: ಕ್ಲಚ್ಚು?

ಎರ್ಸಿಲಿಯಾ: ಅದೂ ಇಲ್ಲ. ಬಲಗೈ ತಿರುಗಿಸಿದ್ರೆ ಹೋಗುತ್ತೆ.

ಅಸ್ಸುಂತಾ: ಮತ್ತೆ ಏನಿದೆ ಇದರಲ್ಲಿ? ಹೋಗ್ಲಿ ಬಿಡು. ಹೋಗೋದು ಮಾತ್ರ ಇದರಲ್ಲಿ, ಬರೋದು ಅದರಲ್ಲಿ. ಊಟ ಕೊಡ್ತೀನಿ, ಇದನ್ನ ಅವನ ಮುಂದೆ ಬಿಸಾಕ್ತೀನಿ, ನನ್ನ ಗಂಡನ ಗಾಡೀನ ನಾನೇ ಓಡಿಸ್ಕೊಂಡು ಬರ್ತೀನಿ. ಆ ಹೋಟೆಲಿನವನಿಗೆ ಗೋಡೆ ಬರಿದಾಗಿದ್ರೆ ಕ್ಯಾಲೆಂಡರ್ ಹಾಕ್ಕೊಳ್ಳಲಿ.

ಗಂಡನ ಹಳೆಯ ಹೆಲ್ಮೆಟ್ಟನ್ನು ತಲೆಗೆ ಒತ್ತಿಕೊಂಡು ಅಸ್ಸುಂತಾ ಹೊರಟಳು. ಹೊರಟದ್ದು ಕೇಳಿಸಲಿಲ್ಲ. ಕಿಟಕಿಯ ಕೆಳಗೆ ಇದ್ದಳು, ಆಮೇಲೆ ಇರಲಿಲ್ಲ.

ಎರ್ಸಿಲಿಯಾ ಕೂಸಿನ ಬಾಯಿಗೆ ಮರದ ಸೌಟು ಕೊಟ್ಟು ಕಿಟಕಿಯ ಹತ್ತಿರ ಕೂತಳು. ಸೋತದ್ದು ಅವಳಿಗೆ ಗೊತ್ತಾಗಿತ್ತು. ಮಗ ಹಗ್ಗ ಕಟ್ಟುತ್ತಿರುತ್ತಾನೆ, ಎರಡು ಕೈಯೂ ಖಾಲಿ ಇರುವುದಿಲ್ಲ, ಅಮ್ಮ ಗಾಡಿ ಎಳೆದುಕೊಂಡು ಬರುತ್ತಾಳೆ. ನಾಳೆಯಿಂದ ಮತ್ತೆ ತಿರುವಿನಲ್ಲಿ ಗುಡುಗು, ಮತ್ತೆ ಈ ಟೊಮೆಟೊ ಮುಖ, ಮತ್ತೆ ತಣ್ಣಗಾದ ಕಾಫಿ. ಪುಟ್ಟಿ, ನಿನ್ನಜ್ಜಿ ಗೆದ್ದಳು ಕಣೇ ಎಂದು ಕೂಸಿನ ನೆತ್ತಿಯನ್ನು ಮೂಸಿದಳು. ಕೂಸು ಸೌಟಿನಿಂದ ಅವಳ ಗದ್ದಕ್ಕೆ ಒಂದು ಕೊಟ್ಟು ನಕ್ಕಿತು. ಇಬ್ಬರೂ ಚರ್ಚಿನ ತಿರುವಿನ ಕಡೆಗೆ ಕಿವಿ ಕೊಟ್ಟು ಕೂತರು. ತುಂಬ ಹೊತ್ತು ಕೂತರು. ಗಂಟೆ ಹೊಡೆಯಿತು, ನಾಯಿ ಬೊಗಳಿತು, ರಕೇಲಮ್ಮ ಬಟ್ಟೆ ಕೊಡವಿದಳು. ಗುಡುಗು ಮಾತ್ರ ಬರಲಿಲ್ಲ.

ಅಸ್ಸುಂತಾ: ಯಾರಿಗೆ ಕಾಯ್ತಿದ್ದೀಯ?

ಎರ್ಸಿಲಿಯಾ ಬೆಚ್ಚಿಬಿದ್ದಳು. ಅತ್ತೆ ಅಡುಗೆಮನೆಯ ನಡುವೆ ಹೆಲ್ಮೆಟ್ಟು ಹಾಕಿಕೊಂಡೇ ನಿಂತಿದ್ದಳು. ಕೈಯಲ್ಲಿ ಖಾಲಿ ಡಬ್ಬಿ. ಕಣ್ಣು ಮಾತ್ರ ಹಬ್ಬದ ದಿನದ ಹಾಗೆ ಹೊಳೆಯುತ್ತಿತ್ತು.

ಎರ್ಸಿಲಿಯಾ: ನೀವು ಬಂದಿದ್ದು ಕೇಳಿಸಲೇ ಇಲ್ಲ.

ಅಸ್ಸುಂತಾ: ಯಾರಿಗೂ ಕೇಳಿಸಲ್ಲ. ಅದೇ ಅದರ ಚೆಂದ. ಕೂತ್ಕೋ, ಹೇಳ್ತೀನಿ. ಆ ಕಿಟಕಿ ಹಾಕು ಮೊದಲು.

ಎರ್ಸಿಲಿಯಾ: ಮಾವನ ಗಾಡಿ?

ಅಸ್ಸುಂತಾ: ಹಡಗು ಹತ್ತಿಸ್ದೆ. ಸೀಟು ಬದಲಾಯಿಸಬೇಡ, ಒರೆಸಿ ಇಡು ಅಂತ ಹೇಳಿದೀನಿ ಆ ಹೋಟೆಲಿನವನಿಗೆ. ಗಲಾಟೆ ಇರೋ ಹೋಟೆಲಂತೆ. ನಿಮ್ಮ ಮಾವನಿಗೂ ಗಲಾಟೆ ಇದ್ರೇನೇ ಊಟ ಸೇರ್ತಿದ್ದಿದ್ದು. ಅದು ಬಿಡು, ಮುಖ್ಯವಾದ್ದು ಕೇಳು. ಹೋಗ್ತಾ ತಿರುವಿನಲ್ಲಿ ಬೇಕರಿಯವಳೂ ದರ್ಜಿಯವಳೂ ಕಟ್ಟೆ ಮೇಲೆ ಕೂತಿದ್ರು. ನನಗೆ ಬೆನ್ನು ಹಾಕಿ. ನಾನು ಹಿಂದೇನೇ ಹೋಗ್ತಿದ್ದೀನಿ, ಅವರಿಗೆ ಗೊತ್ತೇ ಇಲ್ಲ. ಏನು ಮಾತು ಅಂತೀಯ?

ಎರ್ಸಿಲಿಯಾ: ಯಾರ ಬಗ್ಗೆ?

ಅಸ್ಸುಂತಾ: ನನ್ನ ಬಗ್ಗೆ ಕಣೇ. ನಾನು ಮಾಡೋ ಮೊಲದ ಮಾಂಸ ಚಪ್ಪಲಿ ಇದ್ದ ಹಾಗಿರುತ್ತಂತೆ. ಹೋದ ಈಸ್ಟರಿಗೆ ಎರಡು ಸಲ ಹಾಕಿಸ್ಕೊಂಡು ತಿಂದಳು ಆ ಬೇಕರಿಯವಳು. ಚಪ್ಪಲಿ ಜೋಡಿಯಾಗೇ ಇರಬೇಕು ಅಂತ ಎರಡು ಸಲ ತಿಂದಳೇನೋ. ನೀನು ದೇವತೆಯಂತೆ, ನನ್ನಂಥವಳ ಕೈಲಿ ಬಾಳ್ತಿದ್ದೀಯಂತೆ.

ಎರ್ಸಿಲಿಯಾ (ಕೂಸಿನ ಕತ್ತಿನಲ್ಲಿ ಮುಖ ಮುಚ್ಚಿಕೊಂಡು): ಛೆ, ಹಾಗೆಲ್ಲಾ ಅಂತಾರಾ?

ಅಸ್ಸುಂತಾ: ನಗಬೇಡ. ಇನ್ನೂ ಇದೆ. ಚರ್ಚಿನ ಹಿಂದೆ ನಮ್ಮ ಪಾದ್ರಿಗಳು ಸಿಗರೇಟು ಸೇದ್ತಿದ್ರು. ದೇವರ ದಯದಿಂದ ಬಿಟ್ಟೆ ಅಂತ ಉಪದೇಶದಲ್ಲಿ ಹೇಳಿದ್ರಲ್ಲ, ಅವರೇ. ಇನ್ನು ಇವಳ ಗಂಡ.

ಎದುರು ಬಾಲ್ಕನಿಯ ಕಡೆಗೆ ಗದ್ದ ಎತ್ತಿ ತೋರಿಸಿದಳು.

ಅಸ್ಸುಂತಾ: ಹಸಿದ್ಕೊಂಡು ಮಲಗೋ ಪ್ರಾಣಿ. ಕ್ಷೌರದಂಗಡೀಲಿದ್ದಾನಂತೆ. ಬಂದರಿನ ಹೋಟೆಲಿನಲ್ಲಿ ಕರಿದ ಮೀನಿನ ತಟ್ಟೆ ಮುಂದೆ ಕೂತಿದ್ದ, ಬೆರಳು ನೆಕ್ಕುತ್ತಾ. ವಾರದಿಂದ ದಿನಾ ಬರ್ತಿದ್ದೀಯ, ಮನೇಲಿ ಅಡುಗೆ ಮಾಡಲ್ವಾ ಅಂತ ಅವನನ್ನ ಕೇಳ್ತಿದ್ರು. ಪಕ್ಕದಲ್ಲೇ ದಾಟಿ ಹೋದೆ. ತಲೆ ಎತ್ತಲಿಲ್ಲ.

ಎರ್ಸಿಲಿಯಾ: ಅಂದ್ರೆ ಗಾಡಿ ಸದ್ದಿಲ್ಲ ಅನ್ನೋ ದೂರು?

ಅಸ್ಸುಂತಾ: ಯಾರು ಕೊಟ್ರು ದೂರು? ನಿಂಬೆಹಣ್ಣಿನ ಗಾಡಿ ಓಡಿಸಿದಷ್ಟು ಕಾಲವೂ ನಾನು ಬರ್ತಿದ್ದೀನಿ ಅಂತ ಊರಿಗೆಲ್ಲಾ ಕೇಳಿಸ್ತಿತ್ತು. ನಾನು ಬರುವಾಗ ಎಲ್ಲರೂ ಬಾಯಿ ಮುಚ್ಚಿ ಕೈ ಬೀಸ್ತಿದ್ರು. ಎಷ್ಟು ಒಳ್ಳೇ ಜನ ಅನ್ಕೊಂಡಿದ್ದೆ. ಊರು ನನಗೆ ಕೇಳಿಸಿದ್ದು ಇವತ್ತೇ ಮೊದಲು. ನಾಳೆ ಮಧ್ಯಾಹ್ನ ಗಾಡಿ ನನಗೆ ಬೇಕು. ನಾಳಿದ್ದೂ ಬೇಕು.

ಎರ್ಸಿಲಿಯಾ: ಸಬಾತೀನೊ ಊಟಕ್ಕೆ ಹೇಗೆ ಬರ್ತಾನೆ?

ಅಸ್ಸುಂತಾ: ಕಾಲಿಗೇನಾಗಿದೆ? ಈಗ ಹೇಗೆ ಬರ್ತಾನೆ ಅಂದ್ಕೊಂಡೆ? ಎರಡೂ ಗಾಡಿ ಹೊರಟು ಹೋಗಿದ್ದು ನೋಡಿ ಹಗ್ಗ ಹಿಡಿದ್ಕೊಂಡು ನಿಂತಿದ್ದಾನೆ ಪಾಪ.

ಮರುದಿನ ಮಧ್ಯಾಹ್ನ ಸ್ಮಶಾನಕ್ಕೆ ಹೋಗಿ ಗಂಡನಿಗೆ ಹೂ ಇಟ್ಟು ಬರುತ್ತೇನೆಂದು ಅಸ್ಸುಂತಾ ಹೆಲ್ಮೆಟ್ಟು ತೆಗೆದುಕೊಂಡಳು.

ಎರ್ಸಿಲಿಯಾ: ಸ್ಮಶಾನ ಇರೋದು ಆ ಕಡೆ ಅಲ್ವಾ ಅತ್ತೆ? ನೀವು ಗಾಡಿ ಬೇಕರಿ ಕಡೆ ತಿರುಗಿಸಿದ್ದೀರಿ.

ಅಸ್ಸುಂತಾ: ಸುತ್ತಿಕೊಂಡು ಹೋದ್ರೆ ಪುಣ್ಯ ಜಾಸ್ತಿ. ನೀರು ಕುದಿಯೋಕಿಟ್ಟಿದ್ದೀನಿ. ಸ್ಪಗೆಟ್ಟಿ ಅಲ್ಲೇ ಇದೆ. ಅವನು ತಿರುವಿಗೆ ಬಂದಾಗ ಹಾಕು.

ಎರ್ಸಿಲಿಯಾ: ತಿರುವಿಗೆ ಬಂದಿದ್ದು ಹೇಗೆ ಗೊತ್ತಾಗಬೇಕು? ಗಾಡಿ ನಿಮ್ಮ ಹತ್ತಿರ ಇದೆ.

ಅಸ್ಸುಂತಾ: ಕಿವಿ ಕೊಡು. ಗೊತ್ತಾಗುತ್ತೆ.

ಕಿಟಕಿಯ ಕೆಳಗೆ ಇದ್ದಳು, ಆಮೇಲೆ ಇರಲಿಲ್ಲ. ಬಾಗಿಲ ಆಚೆ ಪುಟ್ಟಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಎರ್ಸಿಲಿಯಾ ಕಾಫಿ ಬಗ್ಗಿಸಿಕೊಂಡಳು. ನಾಲಿಗೆ ಸುಟ್ಟಿತು. ಸುಟ್ಟದ್ದಕ್ಕೆ ಕಣ್ಣು ಮುಚ್ಚಿ ಸಂತೋಷಪಟ್ಟಳು. ಗೋಡೆಯನ್ನು ಇನ್ನೇನು ನೋಡಬೇಕು, ಅಷ್ಟರಲ್ಲಿ ಚರ್ಚಿನ ತಿರುವಿನಿಂದ ಏನೋ ಕೇಳಿಸಿತು. ಕಮ್ಮಾರನ ತಿದಿ ಒತ್ತಿದ ಹಾಗೆ ದೊಡ್ಡ ಉಸಿರು. ನಡುನಡುವೆ ಗುಡ್ಡದ ಏರನ್ನೂ, ಏರು ಮಾಡಿದವರನ್ನೂ, ಹಡಗನ್ನೂ, ತಾಯಂದಿರನ್ನೂ ಸೇರಿಸಿ ಬೈಗುಳ. ಅವಳು ಲೋಟ ಇಟ್ಟು ಸ್ಪಗೆಟ್ಟಿಯನ್ನು ನೀರಿಗೆ ಬಿಟ್ಟಳು.

ಸಬಾತೀನೊ ಬಾಗಿಲಿಗೆ ಒರಗಿ, ಅಂಗಿಯಿಂದ ಮುಖ ಒರೆಸಿ, ಕೈ ತೊಳೆದು ಕುರ್ಚಿಗೆ ಬೀಳುವ ಹೊತ್ತಿಗೆ ತಟ್ಟೆಯಲ್ಲಿ ಹಬೆಯಾಡುತ್ತಿತ್ತು. ಒಂದು ತುತ್ತು ಸುತ್ತಿ ಬಾಯಿಗಿಟ್ಟ. ಹದ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಸಬಾತೀನೊ: ನಾನು ಬರ್ತಿದ್ದೀನಿ ಅಂತ ಹೇಗೆ ಗೊತ್ತಾಯ್ತು?

ಎರ್ಸಿಲಿಯಾ ಉತ್ತರ ಹೇಳುವ ಮೊದಲೇ ಎದುರು ಬಾಲ್ಕನಿಯಲ್ಲಿ ಬಟ್ಟೆ ಸರಿಯಿತು. ಕೂಸು ಮಲಗಿದೆಯೆಂದು ರಕೇಲಮ್ಮ ಪಿಸುಗುಟ್ಟಿದಳು.

ರಕೇಲಮ್ಮ: ಎರ್ಸಿಲಿಯಾ, ಈಗ ಕೇಳಿಸಿದ್ದು ನಿನ್ನ ಗಂಡ ತಾನೆ? ನಾನೂ ಹಾಕ್ಬಿಟ್ಟೆ.